ಮೂವತ್ತಮೂರರ ಮುದುಕ

ಆ ಹಾಡುವವನಿಗೆ ಕೆಳಗಿನ ಹಲ್ಲಿನ ಸೆಟ್ ಸರಿಯಾಗಿ ಕೂತಿಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಾಯಿತು.

ಹಲ್ಲಿನ ಸೆಟ್ ಮಾಡುವುದು ನನ್ನ ಕೆಲಸ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ನಾವು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸುತ್ತೇವೆ. ಮೇಣದ ಸೆಟ್ಟನ್ನು ಒಮ್ಮೆ ಬಾಯಿಗಿಟ್ಟು ಮಾತಾಡಿಸಿ ನೋಡುವುದುಂಟು. ಕೆಳಗಿನದು ತೇಲುತ್ತಿದ್ದರೆ ನಾಲಗೆ ಅದನ್ನು ಹಿಡಿದುಕೊಳ್ಳುವುದರಲ್ಲೇ ಸುಸ್ತಾಗುತ್ತದೆ, ‘ಸ’ ಎನ್ನಲು ಹೋದರೆ ‘ಶ’ದ ಕಡೆಗೆ ವಾಲುತ್ತದೆ, ಪ್ರತಿ ಸಾಲಿನ ಮುಂದೆ ಎಂಜಲು ನುಂಗಿಕೊಳ್ಳುವಷ್ಟು ಹೊತ್ತು ಬೇಕಾಗುತ್ತದೆ. ರೆಕಾರ್ಡಿನಲ್ಲಿ ಹಾಡುತ್ತಿದ್ದವನದು ಇದೇ ಪಾಡು. ಅವನ ಭಾಷೆ ನನಗೆ ಬಾರದು. ಆದರೆ ಬಾಯಿ ಬಾಯಿಯೇ ತಾನೆ? ವಯಸ್ಸಾದವನು, ಒಸಡು ಸವೆದವನು, ಹೇಳುವುದಕ್ಕೆ ಬಹಳ ಇದ್ದರೂ ಅವಸರವಿಲ್ಲದವನು ಎಂದು ನಾನು ತೀರ್ಮಾನಿಸಿಬಿಟ್ಟೆ.

ರೆಕಾರ್ಡು ನಮ್ಮವರದು. ಅವರು ಲಿಫ್ಟ್ ರಿಪೇರಿ ಮಾಡುತ್ತಿದ್ದರು. ದಿನವಿಡೀ ಮೋಟರಿನ ಗುಂಯ್ ಎನ್ನುವ ಸದ್ದಿನಲ್ಲಿದ್ದು ಸಂಜೆ ಮನೆಗೆ ಬಂದರೆ ಕೈಕಾಲು ತೊಳೆದು, ಹಜಾರದ ಕುರ್ಚಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತುಬಿಡುತ್ತಿದ್ದರು. ಅದೇ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ನನ್ನ ಸಂಜೆಯ ಪದ್ಯ ಹೇಳಿಕೊಳ್ಳುತ್ತಿದ್ದೆ. ನಾನು ಬೆಳೆದದ್ದು ಪದ್ಯ ಕೇಳಿಕೊಂಡು. ಅಜ್ಜ ತೊಡೆಯ ಮೇಲೆ ಅಂಗೈ ತಟ್ಟುತ್ತ ಓದುತ್ತಿದ್ದರು, ನಾವು ಸುತ್ತ ಕೂತಿರುತ್ತಿದ್ದೆವು. ದೇವರನ್ನು ಕರೆಯುವುದೆಂದರೆ ನನಗೆ ಇವತ್ತಿಗೂ ಪದ್ಯ ಹೇಳುವುದೇ. ಬೇರೆ ದಾರಿ ಗೊತ್ತಿಲ್ಲ.

ಮದುವೆಯಾದ ಹೊಸತರಲ್ಲಿ ನಮ್ಮವರು ಸ್ಪೀಕರ್ ಹಾಕಿಯೇ ಕೇಳುತ್ತಿದ್ದರು. ಒಂದು ದಿನ ನಾನು ಪದ್ಯದ ನಡುವೆ ತಡವರಿಸಿದ್ದು ಕೇಳಿ, ಮಾರನೆಯ ದಿನ ಹೆಡ್‌ಫೋನ್ ತಂದರು.

“ನಿನ್ನ ದೇವರಿಗೆ ನನ್ನ ಗಲಾಟೆ ಯಾಕೆ” ಎಂದರು.

“ಹಾಗೇನಿಲ್ಲ” ಎಂದೆ ನಾನು. ಬೇಡವೆಂದೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಇಬ್ಬರೂ ಒಂದೊಂದು ಕೋಣೆ, ಒಂದೊಂದು ಸದ್ದು. ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಿದ್ದರೂ ಅವರ ಕಡೆಯಿಂದ ಒಂದೇ ಒಂದು ಕೇಳಿಸುತ್ತಿತ್ತು, ಹಲಗೆಯ ನೆಲದ ಮೇಲೆ ಅವರ ಹಿಮ್ಮಡಿ ತಟ್ಟುವುದು. ಧಪ್, ಧಪ್ ಎಂದು, ಪಕ್ಕದ ಮನೆಯಲ್ಲಿ ಯಾರೋ ಹಾಸಿಗೆ ಕೊಡವುತ್ತಿದ್ದಾರೇನೋ ಎಂಬಂತೆ. “ಏನು ಕೇಳ್ತೀರಿ ಅದರಲ್ಲಿ?” ಎಂದು ನಾನು ಕೇಳಿದ್ದಿದ್ದರೆ ಹೇಳುತ್ತಿದ್ದರು. ಕೇಳಬೇಕು ಎಂದುಕೊಂಡೆ. ಊಟ, ಬಟ್ಟೆ, ಬಾಡಿಗೆ, ನೆಗಡಿ ಇವುಗಳ ನಡುವೆ ಅದೊಂದು ಮಾತು ಉಳಿದೇಹೋಯಿತು.

ಅವರು ಹೋದದ್ದು ಹಗಲಿನಲ್ಲಿ, ಕೆಲಸದ ಜಾಗದಲ್ಲಿ, ಎದೆ ಹಿಡಿದುಕೊಂಡು. ಅದರ ವಿಷಯ ಬೇಡ.

ಅವರು ಹೋದ ಮೇಲೆ ನನ್ನಿಂದ ಪದ್ಯ ಹೇಳಲಾಗಲಿಲ್ಲ. ಮರೆತಿತ್ತೆಂದಲ್ಲ. ಮೊದಲ ಸಾಲು ಬಾಯಿಯ ತನಕ ಬಂದು, ಹೊಸಿಲ ಹತ್ತಿರ ಚಪ್ಪಲಿ ಬಿಡಲೋ ಬೇಡವೋ ಎಂದು ಯೋಚಿಸುವ ನೆಂಟನ ಹಾಗೆ ಅಲ್ಲೇ ನಿಂತುಬಿಡುತ್ತಿತ್ತು. ಭಕ್ತಿ ಆರಿಹೋಯಿತೇನೋ ಎಂದು ಹೆದರಿಕೆಯಾಯಿತು. ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

“ಬಿಡೇ, ಸ್ವಲ್ಪ ದಿನ ಸುಮ್ನಿರು” ಎಂದಳು ಅಕ್ಕ. “ಹಾಗೆ ನೋಡಿದ್ರೆ ನೀನು ಓದೋದೇ ಅಜ್ಜನ ಹಾಗಿರ್ಲಿಲ್ಲ. ಮದುವೆ ಆದ್ಮೇಲೆ ಒಂದೇ ಸಮ ಓಡ್ಸೋಕೆ ಶುರುಮಾಡಿದೆ. ಯಾರೋ ಅಟ್ಟಿಸ್ಕೊಂಡು ಬರ್ತಿರೋ ಹಾಗೆ. ದೇವರಿಗೂ ದಮ್ಮು ಹತ್ತಬೇಕು.”

“ಸಾಕು ಸುಮ್ನಿರೇ” ಎಂದೆ. ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ಮನೆ ಇನ್ನಷ್ಟು ದೊಡ್ಡದಾಗಿ ಕಂಡಿತು.

ಅಂಥ ಒಂದು ಸಂಜೆ ನಾನು ಅವರ ರೆಕಾರ್ಡ್ ಪ್ಲೇಯರಿನ ಮುಚ್ಚಳ ತೆಗೆದೆ. ತಟ್ಟೆಯ ಮೇಲೆ ರೆಕಾರ್ಡು ಇರಲಿಲ್ಲ. ಸಾಲಾಗಿ ನಿಂತಿದ್ದ ರೆಕಾರ್ಡುಗಳಲ್ಲಿ ಯಾವುದರ ರಟ್ಟಿನ ಅಂಚು ಹೆಚ್ಚು ಸವೆದಿದೆಯೋ ಅದನ್ನು ಎಳೆದುಕೊಂಡೆ. ಬೂದು ಬಣ್ಣದ ರಟ್ಟು, ಮೇಲೆ ಯಾರೂ ಇಲ್ಲದ ಮೆಟ್ಟಿಲುಗಳ ಚಿತ್ರ. ಹೆಡ್‌ಫೋನಿನ ವೈರು ಕಿತ್ತು, ಸ್ಪೀಕರ್ ಚಾಲೂ ಮಾಡಿ, ಅವರು ಮಾಡುತ್ತಿದ್ದುದನ್ನು ನೋಡಿದ್ದ ನೆನಪಿನಿಂದ ಮುಳ್ಳು ಇಳಿಸಿದೆ. ಬೇರೆ ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಅವರು ಹೇಗೆ ಬಿಟ್ಟಿದ್ದರೋ ಹಾಗೇ ಕೇಳಬೇಕು ಎಂದು ನನ್ನ ಹಟ.

ಮೊದಲು ಚಟಪಟ ಸದ್ದು. ಕೊಳೆಯಿರಬೇಕೆಂದು ತೆಗೆದು, ಒರೆಸಿ, ಮತ್ತೆ ಹಾಕಿದೆ. ಹೋಗಲಿಲ್ಲ. ಆಮೇಲೆ ಆ ಸದ್ದಿನ ಒಳಗಿನಿಂದ ಒಂದು ಡ್ರಮ್ಮು ಬಂತು. ಒದ್ದೆ ಕಂಬಳಿಯನ್ನು ಗೋಡೆಗೆ ಬಡಿದಂತೆ ಭಾರವಾಗಿ, ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಮನುಷ್ಯ ಕೂತು ಎದ್ದು ಹೋಗಬಹುದಾದಷ್ಟು ಜಾಗ ಬಿಟ್ಟು. ಅದರ ಕೆಳಗೆ ತಂತಿಯ ದನಿ. ಕಿವಿಗಿಂತ ಮೊದಲು ಅದು ನೆಲದ ಹಲಗೆಗೆ ತಿಳಿಯುತ್ತಿತ್ತು. ದೂರದಲ್ಲೆಲ್ಲೋ ಗರಗಸವನ್ನು ಕಮಾನಿನಿಂದ ಉಜ್ಜಿದಂಥ ನರಳಾಟ. ಎಷ್ಟೋ ಹೊತ್ತಿನ ಮೇಲೆ ಒಂದು ಉಸಿರು. ಯಾರೋ ನನ್ನ ಪಕ್ಕದಲ್ಲೇ ಮಾತಿಗೆ ಬಾಯಿ ತೆರೆದರು ಎನ್ನಿಸಿ ತಿರುಗಿ ನೋಡಿದೆ. ಆಮೇಲೆ ಆ ಮುದುಕ ಹಾಡಿದ.

ನನ್ನನ್ನು ಹಿಡಿದದ್ದು ಹಾಡಿಗಿಂತ ಅದರ ನಡುನಡುವೆ ಬಿಟ್ಟ ಜಾಗ. ಅಜ್ಜನೂ ಒಂದು ಪದ್ಯಕ್ಕೂ ಇನ್ನೊಂದಕ್ಕೂ ನಡುವೆ ಹಾಗೆ ಸುಮ್ಮನಿರುತ್ತಿದ್ದರು, ನಾವು ಉಗುಳು ನುಂಗಿದ್ದೂ ಕೇಳಿಸುವಷ್ಟು. ಈ ತಂಡದವರು ಯಾರೋ ಏನೋ, ಸುಮ್ಮನಿರಲು ಕಲಿತವರು. ಒಂದೇ ಡ್ರಮ್ಮಿನ ತುಂಡು ಸುತ್ತಿ ಸುತ್ತಿ ಬರುತ್ತದೆ, ಬೇಸರವೆನ್ನಿಸುವುದಿಲ್ಲ. ಪಲ್ಲವಿ ಎಷ್ಟು ಸಲ ಬಂದರೆ ಬೇಸರವಾಗುತ್ತದೆ?

ದಿನಾ ಕೇಳತೊಡಗಿದೆ. ಲ್ಯಾಬಿನಿಂದ ಬರುವಾಗ, ಮನೆಯಲ್ಲಿ ಒಬ್ಬರಿದ್ದಾರೆ ಎನ್ನುವ ಹಾಗೆ ಕಾಲು ಬೇಗ ಬೇಗ ಬೀಳುತ್ತಿತ್ತು. ಆ ಮುದುಕನಿಗಿಂತ ಹೆಚ್ಚಾಗಿ ಒಂದು ಯೋಚನೆ ನನಗೆ ಸುಖ ಕೊಡುತ್ತಿತ್ತು: ಇಷ್ಟು ವರ್ಷ ಆ ಹೆಡ್‌ಫೋನಿನ ಒಳಗೆ ಏನಿತ್ತೆಂದು ಈಗ ನನಗೆ ಗೊತ್ತು. ಇವನ ಜೊತೆ ನಮ್ಮವರು ಕೂರುತ್ತಿದ್ದರು, ಈಗ ನಾನು ಕೂತಿದ್ದೇನೆ. ತಡವಾದರೂ ಸೇರಿಕೊಂಡೆ.

ಲ್ಯಾಬಿನಲ್ಲಿ ಪ್ಲಾಸ್ಟರ್ ಕಲಸುವವಳಿಗೆ ಇದನ್ನು ಹೇಳದೆ ಇರಲಾಗಲಿಲ್ಲ. ಅವಳ ಬಾಯಿ ಬಾಯಲ್ಲ.

“ಅಕ್ಕಾ, ವಯಸ್ಸೆಷ್ಟು ನಿಮ್ಮ ಹೀರೋಗೆ?”

“ಎಪ್ಪತ್ತು ದಾಟಿರಬೇಕು. ಕೆಳಗಿನ ಒಸಡು ಪೂರ್ತಿ ಇಳಿದುಹೋಗಿದೆ.”

“ಅಯ್ಯೋ ದೇವರೇ! ಜನ ಕಣ್ಣು ನೋಡಿ ಮರುಳಾಗ್ತಾರೆ, ಮೂಗು ನೋಡಿ ಮರುಳಾಗ್ತಾರೆ. ನೀವು ಇಲ್ಲದ ಹಲ್ಲಿಗೆ ಮರುಳಾದ್ರಲ್ಲ! ಒಂದು ಸೆಟ್ ಮಾಡಿ ಕಳಿಸ್ಕೊಡಿ, ಇನ್ನೇನು ಮಾಡ್ತೀರಿ.”

ಅವಳು ಹೇಳಿದ್ದು ತಮಾಷೆಗೆ. ನಾನು ನಿಜವಾಗಿಯೂ ಮಾಡಿದೆ. ಊಟದ ಬಿಡುವಿನಲ್ಲಿ, ಯಾರದೋ ಹಳೆಯ ಅಚ್ಚಿನ ಮೇಲೆ ಮಿಕ್ಕ ಮೇಣ ಕಟ್ಟಿ, ಬೇಡವೆಂದು ಪಕ್ಕಕ್ಕಿಟ್ಟಿದ್ದ ಹಲ್ಲುಗಳಲ್ಲಿ ಸ್ವಲ್ಪ ಹಳದಿಗೆ ತಿರುಗಿದವನ್ನು ಆರಿಸಿ ನಿಲ್ಲಿಸಿದೆ. ಮುದುಕನಿಗೆ ಹಾಲು ಬಿಳುಪಿನ ಹಲ್ಲು ಕೊಟ್ಟರೆ ಮುಖವೇ ಸುಳ್ಳು ಹೇಳುತ್ತದೆ. ಮುಂದಿನ ಒಂದನ್ನು ಚೂರೇ ಚೂರು ಓರೆ ಮಾಡಿದೆ. ಮನೆಗೆ ತಂದು ಪ್ಲೇಯರಿನ ಪಕ್ಕದ ಕಿಟಕಿಯ ದಂಡೆಯ ಮೇಲಿಟ್ಟೆ.

ಉದ್ದಣ್ಣ ಬಂದಾಗ ಅದು ಅಲ್ಲೇ ಇತ್ತು.

ಉದ್ದಣ್ಣ ನಮ್ಮವರ ಜೊತೆ ಲಿಫ್ಟ್ ಕೆಲಸ ಮಾಡುತ್ತಿದ್ದವರು. ಎಲ್ಲ ಬಾಗಿಲಿಗೂ ತಲೆ ಬಗ್ಗಿಸಿಯೇ ಬರುವಷ್ಟು ಎತ್ತರ, ಹೀಗಾಗಿ ಆ ಹೆಸರು. ಬಂದವರು ಕುರ್ಚಿಯ ತುದಿಯಲ್ಲಿ ಕೂತು ಟೋಪಿಯನ್ನು ಮೊಣಕಾಲ ಮೇಲಿಟ್ಟು ತಿರುಗಿಸುತ್ತಿದ್ದರು. ಕೊನೆಗೆ, “ಅತ್ತಿಗೆ, ತಪ್ಪು ತಿಳ್ಕೋಬೇಡಿ. ಅವನು ನಂಗೊಂದು ರೆಕಾರ್ಡ್ ಕೊಡ್ತೀನಿ ಅಂದಿದ್ದ. ಬೂದು ಬಣ್ಣದ್ದು, ಮೆಟ್ಟಿಲಿನ ಚಿತ್ರ ಇರೋದು. ಹೋಗೋ ಹಿಂದಿನ ವಾರ ಹೇಳಿದ್ದ. ನಿಮಗೆ ಬೇಕಾದ್ರೆ ಬೇಡ” ಎಂದರು.

ಉಳಿದವೆಲ್ಲವನ್ನೂ ಕೇಳಿದ್ದರೆ ಚೀಲಕ್ಕೆ ತುಂಬಿ ಕೊಡುತ್ತಿದ್ದೆ. ಕೊಡುವುದಿಲ್ಲ ಎನ್ನಲು ನಮ್ಮವರು ಆಡಿದ ಮಾತು ಅಡ್ಡ ಬಂತು. ತಗೊಳ್ಳಿ ಎನ್ನಲು ನಾಲಗೆ ಏಳಲಿಲ್ಲ.

“ದಿನಾ ಕೇಳ್ತಿದೀನಿ ಅದನ್ನ” ಎಂದೆ ಮೆಲ್ಲಗೆ.

ಉದ್ದಣ್ಣನ ಮುಖ ಅರಳಿತು. “ನೀವಾ? ಅತ್ತಿಗೆ, ಅವನು ಇದ್ದಿದ್ರೆ ಕುಣಿದುಬಿಡ್ತಿದ್ದ! ಈ ಥರದ ಸಂಗೀತಕ್ಕೆ ಟ್ರಿಪ್-ಹಾಪ್ ಅಂತಾರೆ. ಮೂರೇ ಜನದ ತಂಡ. ಮಾಡಿದ್ದು ಕಡಿಮೆ, ಆದ್ರೆ ಇವರನ್ನ ಕೇಳಿ ಕೇಳಿ ಎಷ್ಟು ತಂಡ ಹುಟ್ಕೊಂಡ್ವು ಗೊತ್ತಾ? ಎಲ್ಲರೂ ಇವರ ಹಾಗೇ ಮುಖ ಸಪ್ಪಗೆ ಮಾಡ್ಕೊಂಡು ನುಡಿಸಿದ್ದೇ ನುಡಿಸಿದ್ದು. ಇವರ ಹದ ಯಾರಿಗೂ ಬರ್ಲಿಲ್ಲ. ಆ ಡ್ರಮ್ಮಿದೆಯಲ್ಲ, ಅದು ಯಾವ್ದೋ ಹಳೇ ರೆಕಾರ್ಡಿಂದ ಕತ್ತರಿಸಿ ತೆಗೆದ ಚೂರು. ಚಟಪಟ ಅನ್ನೋದೂ ಅಷ್ಟೆ, ಬೇಕು ಅಂತ್ಲೇ ಇಟ್ಕೊಂಡಿದಾರೆ.”

“ನಾನು ಒರೆಸಿ ಒರೆಸಿ ಸಾಕಾದೆ.”

ಉದ್ದಣ್ಣ ಜೋರಾಗಿ ನಕ್ಕರು. ಅವರು ಬಂದ ಮೇಲೆ ಮೊದಲ ಸಲ. ಆಗ ಅವರ ಕಣ್ಣು ಕಿಟಕಿಯ ದಂಡೆಗೆ ಹೋಯಿತು.

“ಇದ್ಯಾರ ಹಲ್ಲು?”

ನಾಚಿಕೆಯಾಯಿತು. ಆದರೂ ಹೇಳಿದೆ. “ಆ ಹಾಡೋರದು. ಪಾಪ, ಕೆಳಗಿನ ಸೆಟ್ ಅಲ್ಲಾಡತ್ತೆ ಅವರಿಗೆ. ಸುಮ್ನೆ, ನನ್ನ ಸಮಾಧಾನಕ್ಕೆ ಮಾಡಿದೆ.”

“ಯಾರಿಗೆ ಅಲ್ಲಾಡತ್ತೆ?”

“ಆ ಮುದುಕರಿಗೆ.”

“ಯಾವ ಮುದುಕ ಅತ್ತಿಗೆ? ಹಾಡೋದು ಒಂದು ಹುಡುಗಿ ಅಲ್ವಾ!”

ನಾನು ಎದ್ದು ರೆಕಾರ್ಡ್ ಹಾಕಿದೆ. ಡ್ರಮ್ಮು ಬಂತು, ಗರಗಸ ಬಂತು, ಉಸಿರು ಬಂತು, ಮುದುಕ ಬಂದ. ಉದ್ದಣ್ಣ ಕತ್ತು ಓರೆ ಮಾಡಿ ಕೇಳಿದರು. ಅವರ ಮುಖದಲ್ಲಿ ನಗು ಬರುತ್ತಿತ್ತು, ನನ್ನನ್ನು ನೋಡಿ ಅದನ್ನು ಅಲ್ಲೇ ತಡೆದುಕೊಂಡರು. ಎದ್ದು ಬಂದು ಪ್ಲೇಯರಿನ ಮೂಲೆಯ ಸಣ್ಣ ಗುಂಡಿಯನ್ನು ಬೆರಳಿನಿಂದ ತೋರಿಸಿದರು.

“ಇದು ಮೂವತ್ತಮೂರರಲ್ಲಿದೆ, ಅಂದ್ರೆ ನಿಮಿಷಕ್ಕೆ ಮೂವತ್ತಮೂರು ಸುತ್ತು. ದೊಡ್ಡ ರೆಕಾರ್ಡೆಲ್ಲ ಸಾಮಾನ್ಯವಾಗಿ ಮೂವತ್ತಮೂರೇ. ಇವರು ಮಾತ್ರ ಇದನ್ನ ನಲವತ್ತೈದರಲ್ಲಿ ತಿರುಗ್ಸೋ ಹಾಗೆ ಮಾಡಿದಾರೆ. ನೀವು ನಿಧಾನಕ್ಕೆ ಹಾಕಿದೀರ. ಅದಕ್ಕೇ ದನಿ ಗಂಡಾಗಿ ಹೋಗಿದೆ.”

ಗುಂಡಿ ಒತ್ತಿದರು. ಮುದುಕನ ದನಿ ಕಣ್ಣೆದುರೇ ಮೇಲಕ್ಕೆದ್ದು, ತೆಳ್ಳಗಾಗಿ, ಹೆಂಗಸಿನದಾಯಿತು. ಹಲ್ಲುಗಳೆಲ್ಲ ಸರಿಯಾಗಿರುವ, ಇಪ್ಪತ್ತೈದೋ ಮೂವತ್ತೋ ವರ್ಷದ ಹೆಂಗಸು. ಅವಳ ‘ಸ’ ಸೂಜಿಯ ಹಾಗಿತ್ತು. ಚೆನ್ನಾಗಿ ಹಾಡುತ್ತಿದ್ದಳು, ಅದನ್ನು ಇಲ್ಲವೆನ್ನಲಾರೆ. ನನಗೆ ಮಾತ್ರ, ಒಬ್ಬರನ್ನು ಕರೆದರೆ ಬಾಗಿಲಿಗೆ ಇನ್ನೊಬ್ಬರು ಬಂದು ನಿಂತ ಹಾಗಾಯಿತು.

“ಉದ್ದಣ್ಣ, ಆದರೆ ನಾನು ಗುಂಡಿ ಮುಟ್ಟೇ ಇಲ್ಲ. ಅವರು ಹಾಗೇ ಬಿಟ್ಟಿದ್ರು.”

“ಕೊನೇಲಿ ಬೇರೆ ಯಾವ್ದೋ ರೆಕಾರ್ಡ್ ಹಾಕಿರ್ತಾನೆ. ಅದು ಮೂವತ್ತಮೂರರದ್ದಿರತ್ತೆ.”

“ಅಥವಾ ಇದನ್ನೇ ಹೀಗೆ ಕೇಳ್ತಿದ್ರೋ?”

ಉದ್ದಣ್ಣ ಟೋಪಿ ತಿರುಗಿಸಿದರು. “ಹ್ಯಾಗೆ ಹೇಳ್ಲಿ? ಕಿವಿ ಮುಚ್ಕೊಂಡು ಕೂರ್ತಿದ್ದ. ಕೆಲಸದಿಂದ ಹೋದ ಕೂಡ್ಲೇ ಮೊದಲು ಹಾಕೋದು ಇದನ್ನೇ ಅಂತಿದ್ದ, ಅಷ್ಟು ಗೊತ್ತು. ನಿಧಾನದ ಆಸಾಮಿ ಬೇರೆ. ಲಿಫ್ಟ್ ಕೂಡ ನಡ್ಕೊಂಡು ಹೋಗ್ಬೇಕು ಅನ್ನೋನು.” ಬಾಗಿಲ ಕಡೆ ತಿರುಗಿ ಹೇಳಿದರು, “ಇಟ್ಕೊಳ್ಳಿ ಅತ್ತಿಗೆ. ನಂಗೇನೂ ಅವಸರ ಇಲ್ಲ. ಭಾನುವಾರ ಈ ಕಡೆ ಬರ್ತೀನಿ, ಆಗ ನೋಡೋಣ.” ತಲೆ ಬಗ್ಗಿಸಿಕೊಂಡು ಹೊರಟುಹೋದರು.

ನಾನು ಕುರ್ಚಿಯಲ್ಲಿ ಕೂತೆ. ಮುದುಕ ಇಲ್ಲದಿದ್ದರೆ ಇಲ್ಲ, ಅಂಥದ್ದನ್ನು ತಡೆದುಕೊಳ್ಳುವ ವಯಸ್ಸು ನನ್ನದು. ಆದರೆ ನಮ್ಮವರು ಯಾರ ಜೊತೆ ಕೂತಿದ್ದರು? ಮುದುಕನ ಜೊತೆಯಾದರೆ ಇಷ್ಟು ದಿನ ನಾವಿಬ್ಬರೂ ಒಂದೇ ಕಡೆ ಇದ್ದೆವು. ಆ ಹೆಂಗಸಿನ ಜೊತೆಯಾದರೆ ನಾನು ತಡವಾಗಿ ಬಂದದ್ದಷ್ಟೇ ಅಲ್ಲ, ಬೇರೆ ಯಾರದೋ ಮನೆಗೆ ಹೋಗಿ ಕೂತಿದ್ದೆ. ಕೇಳಲು ಯಾರೂ ಉಳಿದಿರಲಿಲ್ಲ.

ಅದೇ ಕುರ್ಚಿಯ ಮುಂದೆ, ಹಲಗೆಯ ಮೇಲೆ, ಬಣ್ಣ ಸವೆದ ಒಂದು ಜಾಗವಿತ್ತು. ಅಂಗೈಯಷ್ಟು ಅಗಲ. ಗುಡಿಸುವಾಗ ನೋಡಿದ್ದೆ, ಕುರ್ಚಿ ಎಳೆದು ಆದದ್ದೆಂದುಕೊಂಡಿದ್ದೆ. ಈಗ ನನ್ನ ಹಿಮ್ಮಡಿ ತಾನಾಗಿ ಅಲ್ಲಿ ಹೋಗಿ ಕೂತಿತು.

ಧಪ್, ಧಪ್.

ನನಗೆ ಅಕ್ಕನ ಮಾತು ನೆನಪಾಯಿತು. ಯಾರೋ ಅಟ್ಟಿಸ್ಕೊಂಡು ಬರ್ತಿರೋ ಹಾಗೆ.

ಅಂದಿನಿಂದ ಎರಡು ಸಂಜೆ ನಾನು ಏನನ್ನೂ ಹಾಕಲಿಲ್ಲ. ಹಾಕಲು ಹೆದರಿಕೆ. ಶನಿವಾರ ಕಿಟಕಿಯಲ್ಲಿ ಇನ್ನೂ ಬೆಳಕಿರುವಾಗ, ಗುಂಡಿಯನ್ನು ಮೂವತ್ತಮೂರಕ್ಕೇ ಇಟ್ಟು ರೆಕಾರ್ಡ್ ಹಾಕಿ, ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡೆ. ಮುದುಕ ಹಾಡಲಿ ಎಂದು ಬಯಸಿದೆ. ನನಗೆ ಅವನೇ ಬೇಕಿತ್ತು. ಬಾಗಿಲಿನಾಚೆಯಿಂದ ಹಾಡು ಬರಲಿಲ್ಲ, ಏಟು ಮಾತ್ರ ಬಂತು. ಒಲೆಯ ಮುಂದೆ, ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಆ ಏಟಿನ ಮೇಲೆ ನನ್ನ ಸಂಜೆಯ ಪದ್ಯ ತೆಗೆದೆ.

ಕರೆಯುವೆ ದಡದಲಿ ನಿಂದಿಹೆನೊಬ್ಬಳೆ
ಇರುಳಿಗೆ ಮೊದಲೇ ದೋಣಿಯ ತಾರೋ
ಬರುವೆನು ಹುಟ್ಟಿನ ಸದ್ದಿಗೆ ನನ್ನಯ ಉಸಿರನು ಕೂಡಿಸಿ ನಾ

ಮೂರನೆಯ ಸಾಲು ಉದ್ದ. ಕೊನೆಯ ‘ನಾ’ ಮುಟ್ಟುವ ತನಕ ಒಂದೇ ಉಸಿರಿನಲ್ಲಿ ಹೋಗಬೇಕು, ಅಜ್ಜನ ಕಟ್ಟಪ್ಪಣೆ. ಆ ಏಟಿಗೆ ಅದು ಕೂಡಲಿಲ್ಲ. ‘ಉಸಿರನು’ ಎನ್ನುವಷ್ಟರಲ್ಲಿ ನನ್ನ ಉಸಿರು ಮುಗಿದಿತ್ತು. ಮತ್ತೆ ಹೇಳಿದೆ. ಮತ್ತೆ ಅಲ್ಲೇ ಕಡಿಯಿತು. ಮುದುಕನ ಏಟು ನನ್ನನ್ನು ನಡುನೀರಿನಲ್ಲಿ ಬಿಟ್ಟು ನಿಧಾನವಾಗಿ ಮುಂದೆ ಹೋಗುತ್ತಿತ್ತು.

ಹೊರಗೆ ಬಂದೆ. ಗುಂಡಿ ಒತ್ತಿ ನಲವತ್ತೈದಕ್ಕೆ ತಂದೆ. ಮತ್ತೆ ಒಳಗೆ ಹೋಗಿ ಬಾಗಿಲು ಮುಚ್ಚಿದೆ.

ಈಗ ಹೇಳಬೇಕೆಂದು ನಾನು ಹೇಳಿದ್ದಲ್ಲ. ಬಾಗಿಲಿನಾಚೆ ಧಪ್ ಎಂದದ್ದೇ ತಡ, ಇಷ್ಟು ತಿಂಗಳು ಹೊಸಿಲಲ್ಲಿ ನಿಂತಿದ್ದ ಸಾಲು ತಾನಾಗಿ ಒಳಗೆ ನಡೆದುಬಂತು. ಅದರ ಹಿಂದೆ ಎರಡನೆಯದು. ಮೂರನೆಯ ಸಾಲು ಒಂದೇ ಉಸಿರಿನಲ್ಲಿ ಹೊರಟು, ಏಟಿನ ಮೇಲೆ ಏಟು ಹತ್ತಿ, ಕೊನೆಯ ‘ನಾ’ ಸರಿಯಾಗಿ ಏಟಿನ ಮೇಲೇ ಬಂದು ಇಳಿಯಿತು. ಇನ್ನೂ ಸ್ವಲ್ಪ ಉಸಿರು ಉಳಿದಿತ್ತು.

ಅಂದರೆ ಅವರ ಹಿಮ್ಮಡಿ ತಟ್ಟುತ್ತಿದ್ದದ್ದು ಈ ವೇಗಕ್ಕೇ, ಅವರು ಕೇಳುತ್ತಿದ್ದದ್ದು ಆ ಹೆಂಗಸನ್ನೇ. ಮುದುಕನ ಜೊತೆ ಕೂತಿದ್ದವಳು ನಾನೊಬ್ಬಳೇ. ಆ ಸಂಜೆಗಳಲ್ಲೆಲ್ಲ ಈ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಅದಕ್ಕೂ ಹಿಂದಿನ ಅಷ್ಟೂ ವರ್ಷ, ಅಜ್ಜನ ಅಂಗೈಯಿಂದ ನನ್ನ ಪದ್ಯವನ್ನು ಬಿಡಿಸಿ ತಮ್ಮ ಹಿಮ್ಮಡಿಗೆ ಕಟ್ಟಿಕೊಂಡು ನಡೆಸಿದವರು ಗೋಡೆಯಾಚೆ ಇದ್ದರು. ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಎಷ್ಟು ನಗುತ್ತಿದ್ದರೋ!

ಭಾನುವಾರ ಬೆಳಿಗ್ಗೆ, ಉದ್ದಣ್ಣ ಬರುವ ಮೊದಲು, ಗುಂಡಿ ಒತ್ತಿ ಮತ್ತೆ ಮೂವತ್ತಮೂರಕ್ಕೆ ತಂದು ಕೊನೆಯ ಸಲ ಮುದುಕನನ್ನು ಕೇಳಿದೆ. ಅವನ ಮೇಲೆ ನನಗೆ ಯಾವ ಕೋಪವೂ ಇರಲಿಲ್ಲ. ತನ್ನ ಅಲ್ಲಾಡುವ ಹಲ್ಲಿನಲ್ಲಿ, ಯಾರೂ ಇಲ್ಲದ ಹೊತ್ತಿನಲ್ಲಿ, ನನ್ನ ಜೊತೆಗಿದ್ದವನು ಅವನೇ. ಹಾಡು ಮುಗಿದ ಮೇಲೆ ರೆಕಾರ್ಡನ್ನು ರಟ್ಟಿಗೆ ಸೇರಿಸಿ ಕಟ್ಟಿಟ್ಟೆ.

“ನಿಜವಾಗ್ಲೂ ಕೊಡ್ತೀರಾ ಅತ್ತಿಗೆ?” ಎಂದರು ಉದ್ದಣ್ಣ, ಬಾಗಿಲಲ್ಲೇ ನಿಂತು.

“ಅವರು ಕೊಡ್ತೀನಿ ಅಂದಿದ್ರಲ್ಲ. ತಗೊಳ್ಳಿ. ನಲವತ್ತೈದರಲ್ಲಿ ಹಾಕಿ ಮತ್ತೆ.”

ಅವರು ನಕ್ಕರು. ಕಿಟಕಿಯ ಕಡೆ ನೋಡಿ, “ಎಲ್ಲಿ, ಹಲ್ಲು ಕಾಣ್ತಿಲ್ಲ?” ಎಂದರು.

“ಹಲ್ಲಿನ ಯಜಮಾನರೇ ಬಂದು ಹಾಕ್ಕೊಂಡು ಹೋದ್ರು.”

ನಗುವ ಭರದಲ್ಲಿ ಬಗ್ಗುವುದನ್ನು ಮರೆತು ಚೌಕಟ್ಟಿಗೆ ಹಣೆ ಬಡಿಸಿಕೊಂಡು, ಉಜ್ಜಿಕೊಳ್ಳುತ್ತ ಮೆಟ್ಟಿಲಿಳಿದರು. ಅವರ ಹೆಜ್ಜೆಯ ಸದ್ದು ಕೆಳಗಿನ ಬಾಗಿಲಿನ ತನಕ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಸಂಜೆ ಪ್ಲೇಯರಿನ ಮುಚ್ಚಳ ಹಾಕಿ, ಅಡುಗೆಮನೆಗೆ ಹೋದೆ. ಬಾಗಿಲು ಮುಚ್ಚಲೋ ಬಿಡಲೋ ಎಂದು ಒಂದು ಕ್ಷಣ ಅನುಮಾನಿಸಿ, ಮುಚ್ಚಿದೆ. ಆಚೆ ಕಡೆ ನಿಶ್ಶಬ್ದ. ಕಾಯಬಾರದೆಂದುಕೊಂಡರೂ ಸ್ವಲ್ಪ ಹೊತ್ತು ಕಾದೆ. ಆಮೇಲೆ ದಡದಲ್ಲಿ ಒಬ್ಬಳೇ ನಿಂತವಳ ಪದ್ಯವನ್ನು ಶುರುಮಾಡಿದೆ, ಅಜ್ಜನ ನಡೆಯಲ್ಲಲ್ಲ, ಅಕ್ಕ ನಗುವಂಥ ಓಟದ ನಡೆಯಲ್ಲಿ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ನನ್ನ ಹಿಮ್ಮಡಿ ನೆಲಕ್ಕೆ ತಟ್ಟುತ್ತಿತ್ತು.